ಒಂಬತ್ತೂಕಾಲರ ನಡುಕ

ನಮ್ಮ ಅಳಿವೆಕೇರಿಯಲ್ಲಿ ದಿನವೂ ಬೆಳಿಗ್ಗೆ ಒಂಬತ್ತೂಕಾಲು ಗಂಟೆಗೆ ಭೂಮಿ ನಡುಗುತ್ತದೆ. ಹೆಚ್ಚು ಹೊತ್ತಲ್ಲ, ಒಂದು ಉಸಿರು ಎಳೆದು ಬಿಡುವಷ್ಟು. ಹೊಸದಾಗಿ ಬಂದ ನೆಂಟರು ಬೆಚ್ಚಿ ಅಂಗಳಕ್ಕೆ ಓಡುತ್ತಾರೆ. ನಮ್ಮವರು ನಗುತ್ತಾರೆ. ಆ ಹೊತ್ತಿಗೆ ಮನೆಮನೆಯಲ್ಲೂ ಗಂಜಿಯ ಪಾತ್ರೆ ಒಲೆಯಿಂದ ಕೆಳಗಿಳಿದಿರುತ್ತದೆ, ತೊಟ್ಟಿಲ ಕೂಸು ತಾಯಿಯ ತೊಡೆಗೆ ಬಂದಿರುತ್ತದೆ, ಕ್ಷೌರದಂಗಡಿಯ ಪರಮೇಶ್ವರ ಕತ್ತಿಯನ್ನು ಗಿರಾಕಿಯ ಗಂಟಲಿನಿಂದ ಒಂದು ಮೊಳ ದೂರ ಎತ್ತಿ ಹಿಡಿದು ನಿಂತಿರುತ್ತಾನೆ. ಶಾಲೆಯಲ್ಲಿ ಮಕ್ಕಳು ಅಕ್ಷರದ ನಡುವೆಯೇ ಪೆನ್ಸಿಲು ಎತ್ತುತ್ತಾರೆ. ನಡುಕ ಬಂದು ಹೋಗುತ್ತದೆ. ಗಂಜಿ ಮತ್ತೆ ಒಲೆ ಏರುತ್ತದೆ, ಅಕ್ಷರ ಮುಗಿಯುತ್ತದೆ. ನಮ್ಮೂರಿನಲ್ಲಿ ಯಾರೂ ‘ಒಂಬತ್ತೂವರೆಗೆ ಬಾ’ ಎನ್ನುವುದಿಲ್ಲ. ‘ನಡುಗಿದ ಮೇಲೆ ಬಾ’ ಎನ್ನುತ್ತಾರೆ.

ಹೊತ್ತು ಸಾರುವ ಕೆಲಸ ನನ್ನದು. ಮೂವತ್ತನಾಲ್ಕು ವರ್ಷ ಕನ್ನಡ ಪಾಠ ಹೇಳಿ ನಿವೃತ್ತನಾದ ಮೇಲೆ, ಗಂಟಲು ಚೆನ್ನಾಗಿದೆ ಎಂದು ಭೂಕೇಂದ್ರದವರು ನನ್ನನ್ನು ಕರೆದರು. ಒಂಬತ್ತು ಗಂಟೆಗೆ ಸರಿಯಾಗಿ ಕೇಂದ್ರದ ಮೈಕಿನ ಮುಂದೆ ಕುಳಿತು, ಒಲೆಯ ಮೇಲಿನದನ್ನು ಇಳಿಸಿ, ಮಕ್ಕಳನ್ನು ಎತ್ತಿಕೊಳ್ಳಿ ಎಂದು ಎರಡು ಬಾರಿ ಹೇಳುತ್ತೇನೆ. ಆಮೇಲೆ ಬೇಗ ಬೇಗ ನಡೆದು ಮನೆ ಸೇರುತ್ತೇನೆ. ದೇವರ ಗೂಡಿನ ಮುಂದೆ ನಿಂತು ಎಡಗೈಯಲ್ಲಿ ವೆಂಕಟರಮಣನ ಮೂರ್ತಿಯನ್ನೂ ಬಲಗೈಯಲ್ಲಿ ಉರಿಯುವ ದೀಪವನ್ನೂ ಹಿಡಿದುಕೊಳ್ಳುತ್ತೇನೆ.

ಗೂಡಿನ ಕೊಂಡಿಯಲ್ಲಿ ತೂಗುವ ಹಿತ್ತಾಳೆಯ ಪುಟ್ಟ ಗಂಟೆಯನ್ನು ಹಿಡಿಯಲು ಮೂರನೆಯ ಕೈ ಇಲ್ಲ. ಮೊದಲು ಅದನ್ನು ನನ್ನ ಹೆಂಡತಿ ಸುಭದ್ರೆ ಹಿಡಿಯುತ್ತಿದ್ದಳು. ತವರಿನಿಂದ ತಂದ ಗಂಟೆ. ಪೂಜೆಯಿಲ್ಲದ ಹೊತ್ತಿನಲ್ಲಿ ದೇವರ ಗಂಟೆ ಬಾರಿಸಬಾರದು ಎಂದು ಅಂಗೈಯಲ್ಲಿ ಮುಚ್ಚಿ ನಿಲ್ಲುತ್ತಿದ್ದಳು. ಅವಳು ಹೋಗಿ ಚೈತ್ರದ ಹುಣ್ಣಿಮೆಗೆ ವರ್ಷ ತುಂಬುವುದರಲ್ಲಿತ್ತು. ಈಗ ಗಂಟೆ ತಾನಾಗಿ ಮೂರು ಸಲ ಬಾರಿಸಿ ಸುಮ್ಮನಾಗುತ್ತದೆ. ಅದರ ಮೈಮೇಲೆ ಅವಳ ಕುಂಕುಮದ ಬೆರಳಿನ ಗುರುತು ಹಾಗೆಯೇ ಇತ್ತು. ಅದಕ್ಕಾಗಿ ನಾನು ಗಂಟೆಯನ್ನು ಮುಟ್ಟಿರಲಿಲ್ಲ. ಕಿಲುಬು ಹತ್ತಿ ಹಸಿರಾಗಿದ್ದರೂ ಮುಟ್ಟಿರಲಿಲ್ಲ.

ಭೂಮಿಯನ್ನು ಹೇಳಿದ ಹೊತ್ತಿಗೆ ನಡುಗಿಸುವುದು ಹೇಗೆ ಎಂದು ಹೊರಗಿನವರು ಕೇಳುತ್ತಾರೆ. ಆರು ವರ್ಷದ ಹಿಂದೆ ನಮ್ಮ ಕರಾವಳಿಯಲ್ಲಿ ಒಂದೇ ತಿಂಗಳಿನಲ್ಲಿ ಇನ್ನೂರಕ್ಕೂ ಹೆಚ್ಚು ಸಣ್ಣ ಕಂಪನಗಳು ಹಿಂಡುಹಿಂಡಾಗಿ ಬಂದವು. ಸಮುದ್ರದಿಂದ ಅಳಿವೆಯ ಅಡಿಗೆ ಹಾದು ಬರುವ ಒಂದು ಬಿರುಕು, ನೆಲದಿಂದ ಎರಡೇ ಮೈಲಿ ಆಳದಲ್ಲಿ, ಎಚ್ಚರಗೊಂಡಿತ್ತು. ಆ ತಿಂಗಳ ಕೊನೆಗೆ ಬಂದ ದೊಡ್ಡದೊಂದು ನಡುಕಕ್ಕೆ ಗೋಡೆಗಳು ಬಿದ್ದು ಒಂಬತ್ತು ಜನ ತೀರಿಕೊಂಡರು. ಆಮೇಲೆ ವಿಜ್ಞಾನಿಗಳು ಬಂದರು. ಎರಡು ಬಂಡೆಗಳು ಒಂದನ್ನೊಂದು ಒತ್ತಿ ಹಿಡಿದು ಸೆಳೆತ ಕೂಡಿಡುತ್ತವೆ, ಕೂಡಿದ್ದೆಲ್ಲ ಒಮ್ಮೆಲೇ ಬಿಟ್ಟರೆ ಊರು ಬೀಳುತ್ತದೆ, ದಿನಕ್ಕೆ ಇಷ್ಟಿಷ್ಟೇ ಬಿಡಿಸಿದರೆ ಗಂಜಿಯ ತಿಳಿ ಅಲುಗುತ್ತದೆ ಅಷ್ಟೆ ಎಂದರು. ಮೂರು ಆಳವಾದ ಬಾವಿ ಕೊರೆದು, ದಿನವೂ ಸಮುದ್ರದ ನೀರನ್ನು ಬಿರುಕಿನೊಳಗೆ ಒತ್ತಿ, ಬಂಡೆ ತುಸು ಜರುಗುವಂತೆ ಮಾಡಿದರು. ಇದೇ ಒಂಬತ್ತೂಕಾಲರ ನಡುಕ.

ಎಷ್ಟು ನೀರು ಒತ್ತಬೇಕು ಎಂಬುದನ್ನು ನೆಲದ ಮೇಲಿನ ಹನ್ನೊಂದು ಯಂತ್ರಗಳು ಹೇಳುತ್ತವೆ. ಮೂರು ಕಾಲಿನ ಉದ್ದ ಮಣೆಯಂಥ ಯಂತ್ರ. ಒಳಗೆ ಸೆಳೆತ ಕೂಡಿದಂತೆ ನೆಲ ಕೂದಲೆಳೆಯಷ್ಟು ವಾಲುತ್ತದೆ, ಅದನ್ನು ಅಳೆಯುತ್ತದೆ. ಹನ್ನೊಂದರಲ್ಲಿ ನಾಲ್ಕನೆಯದು ಮುಖ್ಯ. ಅದು ಬಿರುಕಿನ ನೆತ್ತಿಯ ಮೇಲೆಯೇ ಇದೆ, ಉಪ್ಪಿನ ಆಗರದಲ್ಲಿ, ಬೀರಮ್ಮ ಆಗೇರಳ ಪಾತಿಯ ಮೂಲೆಯಲ್ಲಿ.

ಈ ಸಲ ಫಾಲ್ಗುಣದಲ್ಲಿ ಕೇಂದ್ರಕ್ಕೆ ಹೊಸ ಮುಖ್ಯಸ್ಥೆ ಬಂದಳು. ಧಾರವಾಡದ ಕಡೆಯ ಶಕುಂತಲಾ ಹಂಚಿನಮನಿ. ವಯಸ್ಸು ಮೂವತ್ತೈದರ ಮೇಲಿರಲಾರದು. ಬಂದ ಮೂರನೆಯ ದಿನ, ನಾನು ಸಾರಿ ಮುಗಿಸಿ ಏಳುವಾಗ, ಕೂರಿಸಿಕೊಂಡು ಪರದೆಯ ಮೇಲೆ ನಾಲ್ಕನೆಯ ಯಂತ್ರದ ಗೆರೆ ತೋರಿಸಿದಳು. ಮಳೆಗಾಲದಲ್ಲಿ ಎತ್ತರದ ಬದುವಿಗೆ ಸರಿಸಿದ್ದ ಯಂತ್ರವನ್ನು ಪುಷ್ಯದಲ್ಲಿ ಮತ್ತೆ ಪಾತಿಯ ಮೂಲೆಗೆ ತಂದು ಕೂರಿಸಿದ್ದರು. ಅಂದಿನಿಂದ ಅರವತ್ತೊಂದು ದಿನ ಗೆರೆ ನೂಲು ಹಿಡಿದಂತೆ ನೇರವಾಗಿತ್ತು. ಹಿಂದಿನ ಮುಖ್ಯಸ್ಥರು, ನೆಲ ಸಮಾಧಾನವಾಗಿದೆ ಎಂದು ಸಂತೋಷಪಟ್ಟು, ನೀರನ್ನು ತೀರ ಕಡಿಮೆ ಮಾಡಿ ಹೋಗಿದ್ದರು.

“ಮಾಸ್ತರ್ರ, ಜೀವ ಇದ್ದ ಭೂಮಿ ಹಿಂಗ ಸುಮ್ಮನ ಮಲಗಂಗಿಲ್ಲರಿ,” ಎಂದಳು. “ಯಂತ್ರರ ಕೆಟ್ಟಿರಬೇಕು, ಇಲ್ಲಾ ಯಾರರ ಕೈ ಹಾಕಿರಬೇಕು.”

ದಾರಿ ತೋರಿಸಲು ನಾನೂ ಹೊರಟೆ. ಆಗರ ಅಂದರೆ ಕಾಲುವೆಯಿಂದ ಸಮುದ್ರದ ನೀರು ಹಾಯಿಸಿ, ಬಿಸಿಲಿಗೆ ಇಂಗಿಸಿ, ಉಪ್ಪು ತೆಗೆಯುವ ಜಾಗ. ಪಾತಿಯ ತಳವನ್ನು ಕಾಲಿನಿಂದ ತುಳಿದು ತುಳಿದು ಕನ್ನಡಿಯ ಹಾಗೆ ಸಮ ಮಾಡುತ್ತಾರೆ. ಬೆರಳಿನಷ್ಟು ಓರೆಯಾದರೂ ನೀರೆಲ್ಲ ಒಂದು ಮೂಲೆಗೆ ಸರಿದು ಉಪ್ಪು ಕಟ್ಟುವುದಿಲ್ಲ. ಬೀರಮ್ಮನ ಪಾತಿಯನ್ನು ಅವಳ ಗಂಡ ಗಣಪು ಇಪ್ಪತ್ತು ವರ್ಷ ತುಳಿದು ಹದ ಮಾಡಿದ್ದ. ಆ ಒಂಬತ್ತು ಜನರಲ್ಲಿ ಅವನೂ ಒಬ್ಬ. ಅಂದಿನಿಂದ ಅವಳೊಬ್ಬಳೇ ಅದನ್ನು ತುಳಿಯುತ್ತಾಳೆ. ಓರೆಯಾಗಿ ಕುಳಿತ ವಸ್ತುವನ್ನು ಕಂಡರೆ ಅವಳಿಗೆ ಆಗುವುದಿಲ್ಲ. ಒಮ್ಮೆ ನಮ್ಮ ಮನೆಗೆ ಬಂದಾಗ, ಮಾತನಾಡುತ್ತಲೇ, ನನ್ನ ಮೇಜಿನ ಕಾಲಿಗೆ ಒಂದು ತೆಂಗಿನ ಗರಿಯ ಚೂರು ಮಡಿಸಿ ಇಟ್ಟು ಹೋಗಿದ್ದಳು.

ನಮ್ಮನ್ನು ಕಂಡು ಅವಳು ಉದ್ದ ಹಿಡಿಕೆಯ ಹಲಗೆಯನ್ನು ಬದುವಿಗೆ ಒರಗಿಸಿ, ಕೈ ಒರೆಸಿಕೊಂಡು, ಯಂತ್ರದ ಹತ್ತಿರ ಕರೆದುಕೊಂಡು ಹೋದಳು. ಮುಖದಲ್ಲಿ ಹೆಮ್ಮೆ ಇತ್ತು. ಯಂತ್ರದ ಬೆನ್ನ ಮೇಲೆ, ಗಾರೆ ಕೆಲಸದವರು ಇಟ್ಟುಕೊಳ್ಳುವಂಥ, ರಸಮಟ್ಟದ ಸಣ್ಣ ಗಾಜು ಇತ್ತು. ಅದರೊಳಗಿನ ಗುಳ್ಳೆ ಸರಿಯಾಗಿ ನಡುವೆ ನಿಂತಿತ್ತು.

“ಕಾಣಿ ತಂಗೀ,” ಎಂದಳು. “ಒಂದು ಎಳ್ಳಿನಷ್ಟೂ ಆಚೆ ಈಚೆ ಹೋಗೂಕೆ ಬಿಡಲಿಲ್ಲ ನಾನು. ದಿನಾ ಬೆಳಿಗ್ಗೆ ಬಡಗಿನ ಕಾಲು ಒಂಚೂರು ಕೂತಿರ್ತದೆ. ಚಿಟಿಕೆ ಮಣ್ಣು ಕೊಟ್ಟರೆ ಸಮಾ ಆಗ್ತದೆ.”

ಶಕುಂತಲಾ ಮೆಲ್ಲಗೆ, ದಿನಾ ಕೊಡ್ತೀರಾ ಎಂದು ಕೇಳಿದಳು.

“ದಿನಾ ಅಂದ್ರೆ ದಿನಾ. ಶಿವರಾತ್ರಿ ಒಂದಿನ ಬರೂಕೆ ಆಗಲಿಲ್ಲ. ಅದೊಂದಕ್ಕೆ ಬಯ್ಯಬೇಡಿ.”

ಆ ಹುಡುಗಿ ಬದುವಿನ ಮೇಲೆಯೇ ಕುಳಿತುಬಿಟ್ಟಳು. ಸ್ವಲ್ಪ ಹೊತ್ತು ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ. ಆಮೇಲೆ ಒಂದು ಮಾತೂ ಗಟ್ಟಿಯಾಗಿ ಆಡದೆ ಬಿಡಿಸಿ ಹೇಳಿದಳು: ಕಾಲು ಕೂತದ್ದಲ್ಲ, ನೆಲ ವಾಲಿದ್ದು, ವಾಲುವುದನ್ನು ಹೇಳುವುದೇ ಯಂತ್ರದ ಕೆಲಸ, ದಿನವೂ ಸಮ ಮಾಡಿದ್ದರಿಂದ ಅದು ಏನೂ ಆಗಿಲ್ಲ, ಏನೂ ಆಗಿಲ್ಲ ಎಂದೇ ಹೇಳುತ್ತ ಬಂದಿದೆ. ಬೀರಮ್ಮನ ಮುಖದ ಹೆಮ್ಮೆ ಇಳಿಯಿತು. ಅವಳು ನನ್ನ ಕಡೆ ತಿರುಗಿದಳು.

“ನೋಡ್ಕೋ ಅಂದ್ರಲ್ಲ ಮಾಸ್ತರ್ರೆ. ನೀವೇ ಅಲ್ದಾ ಹೇಳಿದ್ದು?”

ಹೌದು, ನಾನೇ ಹೇಳಿದ್ದು. ಯಂತ್ರ ಕೂರಿಸಲು ಬಂದ ಕೆಲಸದವನಿಗೆ ಹಿಂದಿ ಬಿಟ್ಟು ಬೇರೆ ಬರುತ್ತಿರಲಿಲ್ಲ. ಗುಳ್ಳೆ ಈಗ ನಡುವೆ ಇದೆ, ತೀರ ಸರಿದುಹೋದರೆ ಕೇಂದ್ರಕ್ಕೆ ತಿಳಿಸಲಿ, ಒಂದು ಕಣ್ಣಿಟ್ಟಿರಲಿ ಎಂದು ಅವನು ಹೇಳಿದ. ನಾನು ಅದನ್ನು ಬೀರಮ್ಮನಿಗೆ ದಾಟಿಸಿದೆ: ‘ಗುಳ್ಳೆ ನಡುವೆ ಇರಬೇಕಂತೆ ಬೀರಮ್ಮ, ನೋಡಿಕೋ.’ ಮೂವತ್ತನಾಲ್ಕು ವರ್ಷ ಕನ್ನಡ ಕಲಿಸಿದವನಿಗೆ ಆ ಮಾತಿನ ಎರಡು ಮುಖ ಹೊಳೆಯಲಿಲ್ಲ. ದೂರದಿಂದ ಗಮನಿಸುವುದೂ ನೋಡಿಕೊಳ್ಳುವುದೇ. ಕಾಯಿಲೆಯವರನ್ನು, ಕೂಸನ್ನು, ದೀಪವನ್ನು ಕೈಯಾರೆ ಕಾಪಾಡುವುದೂ ನೋಡಿಕೊಳ್ಳುವುದೇ. ಬೀರಮ್ಮನಿಗೆ ಗೊತ್ತಿದ್ದದ್ದು ಎರಡನೆಯದು.

ತಪ್ಪು ನನ್ನ ಮಾತಿನದು ಎಂದು ನಾನು ಶಕುಂತಲಾಗೆ ಹೇಳಿದೆ. ಯಾರದಾದರೂ ಇರಲಿ, ಈಗ ನಿಯಮದಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ ಎಂದಳು. ಮುಖ್ಯ ಯಂತ್ರದ ಲೆಕ್ಕ ನಲವತ್ತು ದಿನಕ್ಕಿಂತ ಹೆಚ್ಚು ನಂಬಲು ಬಾರದೆ ಹೋದರೆ ಬಾವಿಗೆ ನೀರು ಒತ್ತುವುದನ್ನು ನಿಲ್ಲಿಸಬೇಕು. ಒಳಗೆ ಎಷ್ಟು ಸೆಳೆತ ಕೂಡಿದೆ ಎಂದು ತಿಳಿಯದೆ ಒತ್ತಿದರೆ ದೊಡ್ಡದನ್ನೇ ಎಬ್ಬಿಸಿದ ಹಾಗಾದೀತು. ಹೊಸದಾಗಿ ಅಳೆದು ಮುಗಿಯುವ ತನಕ, ಅಂದರೆ ಎರಡು ಮಳೆಗಾಲ, ಅಳಿವೆಕೇರಿಯೂ ಅಕ್ಕಪಕ್ಕದ ಎರಡು ಊರೂ ಖಾಲಿಯಾಗಬೇಕು. ಶನಿವಾರದೊಳಗೆ. ಅಂದು ಮಂಗಳವಾರ.

ಪಾತಿಯನ್ನು ಒಂದು ವರ್ಷ ತುಳಿಯದೆ ಬಿಟ್ಟರೆ ತಳ ಬಿರಿದು ಹೋಗುತ್ತದೆ. ಎರಡು ವರ್ಷ ಬಿಟ್ಟರೆ ಅದು ಪಾತಿಯಲ್ಲ, ಬರೀ ಕೆಸರು. ಗಣಪುವಿನ ಇಪ್ಪತ್ತು ವರ್ಷದ ಹೆಜ್ಜೆಗಳು ಹೋದಂತೆಯೇ. ಬೀರಮ್ಮನಿಗೆ ಇದನ್ನು ಯಾರೂ ಹೇಳಬೇಕಾಗಿರಲಿಲ್ಲ.

ಮರುದಿನ ಒಂಬತ್ತು ಗಂಟೆಗೆ, ಇಂದು ನಡುಕ ಇರುವುದಿಲ್ಲ ಎಂದು ಮೈಕಿನಲ್ಲಿ ಸಾರಿದೆ. ಯಾರೂ ನಂಬಲಿಲ್ಲ. ಊರೆಲ್ಲ ಗಂಜಿ ಇಳಿಸಿ, ಮಕ್ಕಳನ್ನು ಎತ್ತಿಕೊಂಡು ಕಾದಿತು. ಒಂಬತ್ತೂಕಾಲು ಆಯಿತು, ಇಪ್ಪತ್ತೈದು ಆಯಿತು, ಏನೂ ಆಗಲಿಲ್ಲ. ನಾನು ಆಗರದ ಕಡೆ ನಡೆಯುತ್ತಿದ್ದಾಗ ಪರಮೇಶ್ವರ ಅಂಗಡಿಯಿಂದ ಕೂಗಿ, ಇನ್ನೆಷ್ಟು ಹೊತ್ತು ಕತ್ತಿ ಎತ್ತಿ ಹಿಡಿಯಬೇಕು ಮಾಸ್ತರ್ರೆ, ಇವರ ಅರ್ಧ ಗಡ್ಡ ಉಳಿದದೆ ಎಂದ. ಕುರ್ಚಿಯಲ್ಲಿದ್ದವರು ಕಣ್ಣು ಮುಚ್ಚಿ ಕುಳಿತೇ ಇದ್ದರು. ನಡುಗದ ಬೆಳಗು ನಮಗೆಲ್ಲ ಹೆದರಿಕೆ ತಂದಿತ್ತು.

ನಾನು ಹೋಗುತ್ತಿದ್ದದ್ದು ಬೀರಮ್ಮನಿಗೆ ಒಂದು ಮಾತು ಹೇಳಲು. ತಪ್ಪು ಅವಳದಲ್ಲ, ನನ್ನದು ಎನ್ನಲು. ಅವಳು ಯಂತ್ರದ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದಳು. ಪಕ್ಕದಲ್ಲಿ ಒಂದು ಕೊಡ ಸಿಹಿನೀರು, ಕೈಯಲ್ಲಿ ತೆಂಗಿನ ನಾರು. ಯಂತ್ರದ ಬಡಗಿನ ಕಾಲನ್ನು ಆಗಲೇ ಎತ್ತಿ ಕಲ್ಲಿಗೆ ಆನಿಸಿದ್ದಳು.

“ನಾನು ಇಟ್ಟ ಮಣ್ಣು ನಾನೇ ತೆಗೀತೆ,” ಎಂದಳು. “ತೊಳೆದುಬಿಟ್ಟರೆ ಮೊದಲಿನ ಹಾಂಗೇ ಆಗ್ತದಲ್ಲ? ಆಮೇಲೆ ಯಾರೂ ಊರು ಬಿಡೂದು ಬೇಡ.”

ಕಾಲಿನಡಿಯ ಮಣ್ಣಿನ ಗಟ್ಟಿ ಅಂಗೈಯಗಲ ಇತ್ತು, ಎತ್ತರ ಹೆಬ್ಬೆರಳಿನ ಗೆಣ್ಣಿನಷ್ಟು. ಬೆಳಗಿನ ಬಿಸಿಲು ಅದರ ಪಕ್ಕಕ್ಕೆ ಓರೆಯಾಗಿ ಬಿದ್ದಿತ್ತು. ಕಪ್ಪು ಮಣ್ಣಿನಲ್ಲಿ ಬಿಳಿಯ ಗೆರೆಗಳು ಕಂಡವು. ಕೂದಲಿನಷ್ಟು ಸಣ್ಣ ಗೆರೆಗಳು, ಒಂದರ ಮೇಲೊಂದು, ಹಳೆಯ ಪುಸ್ತಕದ ಹಾಳೆಗಳ ಅಂಚಿನಂತೆ.

ಅದು ಏನೆಂದು ನನಗೆ ಗೊತ್ತಿತ್ತು. ನಮ್ಮ ಆಗರದವರು ಭೂಮಿಯ ಮೇಲೆ ಬರಿಯ ಮಣ್ಣು ಇಡುವುದಿಲ್ಲ. ಬದು ಕಟ್ಟುವಾಗಲೂ ತಳ ತೇಪೆ ಹಾಕುವಾಗಲೂ ಮೊದಲು ಒಂದು ಚಿಟಿಕೆ ಉಪ್ಪು ಇಟ್ಟು, ಕಣ್ಣಿಗೊತ್ತಿಕೊಂಡು, ಆಮೇಲೆ ಮಣ್ಣು. ತಾಯಿಯಿಂದ ತೆಗೆದದ್ದನ್ನು ತಾಯಿಗೆ ಮೊದಲು ಕೊಡುವುದು. ಚಿಕ್ಕಂದಿನಿಂದ ನೋಡುತ್ತ ಬಂದ ಪದ್ಧತಿ. ಅದರಲ್ಲಿ ನೋಡಬೇಕಾದದ್ದು ಏನಾದರೂ ಇದೆ ಎಂದು ಎಂದೂ ಅನಿಸಿರಲಿಲ್ಲ.

ಅವಳು ಕೊಡ ಬಗ್ಗಿಸಿದಳು. ನಾನು ಅವಳ ಮಣಿಕಟ್ಟು ಹಿಡಿದೆ. ಅರವತ್ತೆಂಟು ವರ್ಷದಲ್ಲಿ ಪರ ಹೆಂಗಸಿನ ಕೈ ಹಿಡಿದದ್ದು ಅದೇ ಮೊದಲು. ಅವಳು ಬೆಪ್ಪಾಗಿ ನನ್ನ ಮುಖ ನೋಡಿದಳು.

ಇದರ ಮೇಲೆ ಒಂದು ಹನಿ ಬೀಳಿಸಬೇಡ, ನಾನು ಬರುವ ತನಕ ಯಾರನ್ನೂ ಮುಟ್ಟಲು ಬಿಡಬೇಡ ಎಂದು ಹೇಳಿ, ಪಂಚೆ ಎತ್ತಿ ಕಟ್ಟಿ, ಕಿರಿದಾದ ಬದುವಿನ ಮೇಲೆ ಓಡಿದೆ. ಬಿದ್ದಿದ್ದರೆ ಉಪ್ಪುನೀರಿಗೆ ಬೀಳುತ್ತಿದ್ದೆ. ವೆಂಕಟರಮಣ ಬೀಳಿಸಲಿಲ್ಲ.

ಶಕುಂತಲಾ ಮೀನುಗಾರರಿಂದ ಒಂದು ಮಾರು ಗಾಳದ ದಾರ ಇಸಿದುಕೊಂಡು ಬಂದಳು. ಉಪ್ಪು ಕರಗಿಲ್ಲವೇಕೆ ಎಂದು ದಾರಿಯಲ್ಲಿ ನಾನು ಕೇಳಿದೆ. ಆ ಮಣ್ಣು ಮೊದಲೇ ಉಪ್ಪು ಕುಡಿದು ತುಂಬಿದ್ದು, ಇನ್ನು ಕರಗಿಸಿಕೊಳ್ಳಲು ಅದಕ್ಕೆ ಜಾಗವಿಲ್ಲ ಎಂದಳು. ಸಿಹಿನೀರು ಬಿದ್ದಿದ್ದರೆ ಎಲ್ಲವೂ ಹೋಗುತ್ತಿತ್ತು. ಬಡಗಿನ ಕಾಲಿನಡಿಯ ಗಟ್ಟಿಯನ್ನು ದಾರದಿಂದ ನಯವಾಗಿ ಕೊಯ್ದು, ಬಾಳೆಲೆಯ ಮೇಲೆ ಇಟ್ಟು, ಕೂಸನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಕೇಂದ್ರಕ್ಕೆ ತಂದೆವು. ಬೀರಮ್ಮ ಹಿಂದೆಯೇ ಬಂದಳು. ಕೇಂದ್ರದ ಹೊಳೆಯುವ ನೆಲದ ಮೇಲೆ ಕಾಲಿಡಲು ಒಪ್ಪದೆ ಬಾಗಿಲಿನಲ್ಲಿ ನಿಂತಳು. ಶಕುಂತಲಾ ಹೋಗಿ ಕೈ ಹಿಡಿದು ಕರೆತಂದು ತನ್ನ ಕುರ್ಚಿಯಲ್ಲಿ ಕೂರಿಸಿದಳು.

ಮಸೂರದಡಿಯಲ್ಲಿ ಗೆರೆಯಿಂದ ಗೆರೆಗೆ ಎಷ್ಟು ದಪ್ಪ ಎಂದು ಒಂದೊಂದೇ ಅಳೆದು ಶಕುಂತಲಾ ಹೇಳಿದಳು, ನಾನು ಬರೆದುಕೊಂಡೆ. ಒಂದು ಗೆರೆಯ ಮೇಲೆ ಒಂದು ದಿನದ ಮಣ್ಣು. ಆ ಮಣ್ಣು ಎಷ್ಟು ದಪ್ಪವೋ ಅಂದು ನೆಲ ಅಷ್ಟು ವಾಲಿತ್ತು. ಅರವತ್ತೊಂದು ದಿನಕ್ಕೆ ಅರವತ್ತೊಂದು ಪದರ ಇರಬೇಕು. ಅರವತ್ತೇ ಇದ್ದವು. ಅವಳ ಹುಬ್ಬು ಗಂಟಾಯಿತು. ಮೂವತ್ತೇಳನೆಯ ಪದರ ಮಾತ್ರ ಉಳಿದವುಗಳ ಎರಡರಷ್ಟು ದಪ್ಪ ಇದೆ, ಇದೇಕೆ ಹೀಗೆ ಎಂದಳು.

ನಾನು ಗೋಡೆಯ ಪಂಚಾಂಗದಲ್ಲಿ ಬೆರಳಿಟ್ಟು ಎಣಿಸಿದೆ. ಯಂತ್ರ ಕೂರಿಸಿದ ಮೇಲೆ ಮೂವತ್ತೇಳನೆಯ ದಿನ ಮಾಘ ಬಹುಳ ಚತುರ್ದಶಿ. ಶಿವರಾತ್ರಿ. ಅಂದು ಬೀರಮ್ಮ ಬಂದಿರಲಿಲ್ಲ. ಮರುದಿನ ಬಂದು ಎರಡು ದಿನದ ಮಣ್ಣನ್ನು ಒಟ್ಟಿಗೆ ಇಟ್ಟಿದ್ದಳು.

ಶಕುಂತಲಾ ಪಂಚಾಂಗವನ್ನು ನೋಡಿದಳು, ಮಸೂರವನ್ನು ನೋಡಿದಳು, ಕುರ್ಚಿಯ ತುದಿಯಲ್ಲಿ ಕುಳಿತಿದ್ದ ಬೀರಮ್ಮನನ್ನು ನೋಡಿದಳು.

“ಬೀರಮ್ಮಾರ, ನಿಮ್ಮ ಕೈ ನಮ್ಮ ಯಂತ್ರಕ್ಕಿಂತ ಚಲೋ ಬರದೈತಿ,” ಎಂದಳು.

ಬೀರಮ್ಮನಿಗೆ ಓದು ಬರಹ ಬಾರದು. ತಾನು ಏನು ಬರೆದೆ ಎಂದು ಅವಳಿಗೆ ತಿಳಿಯಲಿಲ್ಲ. ಊರು ಬಿಡಬೇಕಾ ಎಂದು ಮಾತ್ರ ಕೇಳಿದಳು.

ಅದಕ್ಕೆ ಉತ್ತರ ಬರಲು ಶುಕ್ರವಾರ ಮಧ್ಯಾಹ್ನವಾಯಿತು. ಯಂತ್ರದ ಭಾರಕ್ಕೆ ಮಣ್ಣು ಎಷ್ಟು ಅಮುಕುತ್ತದೆ ಎಂದು ತಿಳಿಯಲು ಬೀರಮ್ಮನಿಂದ ಹೊಸದಾಗಿ ಹತ್ತು ಚಿಟಿಕೆ ಮಣ್ಣು ಇಡಿಸಿ ಅಳೆದರು. ಬೆಂಗಳೂರಿನಿಂದಲೂ ದಿಲ್ಲಿಯಿಂದಲೂ ಮೇಲಿನವರು ಫೋನಿನಲ್ಲಿ ಕೇಳಿದ್ದನ್ನೇ ಕೇಳಿದರು. ಚಿಟಿಕೆ ಅಂದರೆ ಎಷ್ಟು ಎಂದು ಒಬ್ಬರು ಕೇಳಿದರು. ಉಪ್ಪು ಇಡುವುದನ್ನು ಆಕೆ ಎಂದಾದರೂ ಮರೆತಿರಬಹುದಲ್ಲ ಎಂದು ಇನ್ನೊಬ್ಬರು. ನಾನು ಫೋನು ಇಸಿದುಕೊಂಡು, ನೀವು ಊಟಕ್ಕೆ ಕೂತಾಗ ಅನ್ನ ಬಾಯಿಗೆ ಇಡುವುದನ್ನು ಮರೆಯುವುದುಂಟೇ ಎಂದೆ. ಶಕುಂತಲಾ ಬಾಯಿಗೆ ಸೆರಗು ಅಡ್ಡ ಹಿಡಿದಳು.

ಕೊನೆಗೆ ಗೊತ್ತಾದದ್ದು ಇದು. ಅರವತ್ತೊಂದು ದಿನದಲ್ಲಿ ನೆಲ ಮಾಮೂಲಿಗಿಂತ ಸ್ವಲ್ಪ ಹೆಚ್ಚೇ ವಾಲಿತ್ತು. ನೀರು ನಿಲ್ಲಿಸಿ ಊರು ಬಿಟ್ಟು ಹೋಗಿದ್ದರೆ, ಮಳೆಗಾಲದ ಹೊತ್ತಿಗೆ ಅದು ತಾನಾಗಿಯೇ ಒಡೆದು, ಖಾಲಿ ಮನೆಗಳನ್ನೆಲ್ಲ ಮಲಗಿಸುತ್ತಿತ್ತು. ಈಗ ಎಷ್ಟು ಕೂಡಿದೆ ಎಂದು ತಿಳಿದದ್ದರಿಂದ ಅಷ್ಟನ್ನೂ ಹದವಾಗಿ ಬಿಡಿಸಬಹುದು. ಒಂಬತ್ತು ದಿನ, ಬೆಳಿಗ್ಗೆ ಒಂದು ಸಂಜೆ ಒಂದು, ಕೊಂಚ ದೊಡ್ಡ ನಡುಕ. ಯಾರೂ ಊರು ಬಿಡುವುದು ಬೇಡ.

ಶನಿವಾರ ಬೆಳಿಗ್ಗೆ ನಾನು ಸಾರಿದ್ದನ್ನು ಕೇಳಿ ಊರೆಲ್ಲ ಆಗರದ ಬಯಲಿಗೆ ಬಂತು. ಗೋಡೆಯಿಲ್ಲದ ಜಾಗ ಅದೊಂದೇ. ಬುತ್ತಿ ಕಟ್ಟಿಕೊಂಡು ಬಂದವರೂ ಇದ್ದರು. ಪರಮೇಶ್ವರ ಕತ್ತಿ ಕನ್ನಡಿ ಸಮೇತ ಬಂದು ಬದುವಿನ ಮೇಲೆ ಅಂಗಡಿ ಇಟ್ಟ. ಒಂಬತ್ತೂಕಾಲಿಗೆ ನೆಲ ಅಲುಗಿತು. ಎಂಟು ಹತ್ತು ಉಸಿರಿನಷ್ಟು ಹೊತ್ತು. ಹೆಂಗಸರು ದೇವರ ಹೆಸರು ಹೇಳಿದರು. ನಾನೂ ಹೇಳಿದೆ. ನಿಂತಿತು. ಎದ್ದು ನೋಡಿದರೆ ಮನೆಗಳೆಲ್ಲ ಇದ್ದಲ್ಲಿಯೇ ಇದ್ದವು. ಪಾತಿಗಳಲ್ಲಿ ಮಾತ್ರ ನೀರು ಪಡುವಣಕ್ಕೆ ಸರಿದು, ಬೀರಮ್ಮನ ಪಾತಿಯ ಒಂದು ಮೂಲೆಯಲ್ಲಿ ತಳ ಕಾಣುತ್ತಿತ್ತು.

ಅವಳು ಹಲಗೆ ಹಿಡಿದು ಶಕುಂತಲಾ ಹತ್ತಿರ ಬಂದಳು.

“ಇದನ್ನಾದ್ರೂ ಸಮಾ ಮಾಡಬಹುದಾ ತಂಗೀ, ಇಲ್ಲಾ ಇದನ್ನೂ ಹಾಂಗೇ ಬಿಡಬೇಕಾ?”

ಬಯಲಿನಲ್ಲಿ ಕುಳಿತವರೆಲ್ಲ ನಕ್ಕರು. ಅದು ನಿಮ್ಮದು, ಬೇಕಾದಷ್ಟು ಸಮ ಮಾಡಿ ಎಂದಳು ಶಕುಂತಲಾ. ಬೀರಮ್ಮ ಸೀರೆ ಎತ್ತಿ ಕಟ್ಟಿ ಪಾತಿಗೆ ಇಳಿದಳು. ಒಂದು ಚಿಟಿಕೆ ಉಪ್ಪು ಕಣ್ಣಿಗೊತ್ತಿ ತಳದಲ್ಲಿಟ್ಟು ತುಳಿಯಲು ತೊಡಗಿದಳು.

ಒಂಬತ್ತು ದಿನ ಕಳೆದವು. ಇನ್ನು ಮುಂದೆ ಮಾತು ತಪ್ಪದಿರಲಿ ಎಂದು ಶಕುಂತಲಾ ನನ್ನಿಂದ ಒಂದು ಫಲಕ ಬರೆಸಿದಳು. ನಾನು ಬಹಳ ಯೋಚಿಸಿ, ದುಂಡಗಿನ ಅಕ್ಷರದಲ್ಲಿ ಬರೆದೆ: ‘ನೋಡುತ್ತಿರಿ. ಮುಟ್ಟಬೇಡಿ.’ ಇದಕ್ಕಿಂತ ಸ್ಪಷ್ಟವಾದ ಕನ್ನಡ ನನಗೆ ಬಾರದು. ಯಂತ್ರದ ಪಕ್ಕದಲ್ಲಿ ಅದನ್ನು ನೆಟ್ಟು, ಬೀರಮ್ಮನಿಗೆ ಓದಿ ಹೇಳಿದೆ. ಅವಳು ಅಕ್ಷರಗಳನ್ನೇ ನೋಡಿದಳು. ಆಮೇಲೆ ಕೇಳಿದಳು:

“ಮುಟ್ಟದೇ ನೋಡ್ಕೊಳ್ಳೂದು ಹ್ಯಾಂಗೆ ಮಾಸ್ತರ್ರೆ?”

ಆ ಪ್ರಶ್ನೆಯನ್ನು ಹಾಗೆಯೇ ಕೇಂದ್ರಕ್ಕೆ ಒಯ್ದು ಶಕುಂತಲಾಗೆ ಹೇಳಿದೆ. ಅವಳೂ ಯೋಚಿಸಿ, ಎರಡು ದಿನದ ಮೇಲೆ, ಯಂತ್ರದಿಂದ ನಾಲ್ಕು ಮಾರು ದೂರದಲ್ಲಿ ಒಂದು ಹಳೆಯ ಮೂರು ಕಾಲಿನ ಮಣೆ ಇಡಿಸಿ, ಅದರ ಮೇಲೆ ರಸಮಟ್ಟ ಕೂರಿಸಿದಳು. ಅದಕ್ಕೆ ಬೀರಮ್ಮ ದಿನವೂ ಉಪ್ಪು ಇಟ್ಟು ಮಣ್ಣು ಇಡಬಹುದು. ತಿಂಗಳಿಗೊಮ್ಮೆ ಅದನ್ನು ಕೊಯ್ದು ನೋಡಿ ಯಂತ್ರದ ಲೆಕ್ಕಕ್ಕೆ ತಾಳೆ ಹಾಕುತ್ತಾರೆ. ಇಲ್ಲಿಯ ತನಕ ಎರಡೂ ಒಂದನ್ನೊಂದು ಸುಳ್ಳು ಮಾಡಿಲ್ಲ.

ಸುಭದ್ರೆಯ ವರ್ಷಾಂತಿಕದ ದಿನ ಬೆಳಿಗ್ಗೆ ಬೇಗ ಎದ್ದೆ. ಪುರೋಹಿತರು ಬರಲು ಹೊತ್ತಿತ್ತು. ಅಂದು ಸಾರಲು ಶಕುಂತಲಾ ತಾನೇ ಕೂರುತ್ತೇನೆ ಎಂದಿದ್ದಳು. ದೇವರ ಗೂಡಿನ ಮುಂದೆ ನಿಂತೆ. ಹೋಗುವ ಮೊದಲು ಸುಭದ್ರೆ ನನಗೆ ಹೇಳಿದ ಕೊನೆಯ ಮಾತು, ದೇವರ ಗೂಡು ನೋಡಿಕೊಳ್ಳಿ ಎಂದು. ಒಂದು ವರ್ಷ ನಾನು ಆ ಗಂಟೆಯನ್ನು ನೋಡಿದ್ದೆ, ಅಷ್ಟೆ.

ಕೊಂಡಿಯಿಂದ ಅದನ್ನು ಬಿಡಿಸಿದೆ. ಹುಣಸೆಹಣ್ಣು, ಬೂದಿ ತಂದು ಬಾವಿಕಟ್ಟೆಯಲ್ಲಿ ಕುಳಿತು ತಿಕ್ಕಿದೆ. ಕುಂಕುಮದ ಗುರುತಿನ ಹತ್ತಿರ ಬಂದಾಗ ಕೈ ನಿಂತಿತು. ಆಮೇಲೆ ಅದನ್ನೂ ತಿಕ್ಕಿದೆ. ತೊಳೆದು, ಒರೆಸಿ, ಗಂಧವಿಟ್ಟು, ಕೊಂಡಿಗೆ ಹಾಕಿದೆ.

ಒಂಬತ್ತು ಗಂಟೆಗೆ ಮೈಕಿನಲ್ಲಿ ಧಾರವಾಡದ ದನಿ ಕೇಳಿಸಿತು. ಒಲಿ ಮ್ಯಾಲಿಂದು ಇಳಸ್ರಿ, ಕೂಸುಗಳನ್ನ ಎತ್ತಿಕೊಳ್ರಿ. ಬೀದಿಯಲ್ಲಿ ಯಾರೋ ನಕ್ಕರು. ದೀಪವನ್ನು ಒಂದು ಕೈಯಲ್ಲಿ, ವೆಂಕಟರಮಣನನ್ನು ಒಂದು ಕೈಯಲ್ಲಿ ಹಿಡಿದು ನಿಂತೆ. ಒಂಬತ್ತೂಕಾಲಿಗೆ ನೆಲ ಅಲುಗಿತು. ಗಂಟೆ ಮೂರು ಸಲ ಬಾರಿಸಿತು. ಕಿಲುಬು ಹೋದ ಹಿತ್ತಾಳೆಯ ನಾದ. ಸುಭದ್ರೆಯ ಕಾಲದ ಪೂಜೆಯಲ್ಲಿ ಕೇಳಿದ ಹಾಗೆಯೇ ಇತ್ತು.